‘ಅಂದಾಜಿಸಲಾಗಿದೆ’ ಅಂದರೆ ಅಂದಾಜಿಸಿದ್ದು ಯಾರು?

ನಮಸ್ಕಾರ.

ದೇಶದ ಬೆಳವಣಿಗೆಯನ್ನು ಹೇಗೆ ಅಳೆಯುತ್ತಾರೆ ಅನ್ನುವುದರ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯ ಒಳ್ಳೆಯದು. ಭಾಷೆಯಲ್ಲಿ ತೊಡಕಿಲ್ಲ. ಜಿಡಿಪಿ, ಅಂದರೆ ದೇಶದ ಒಟ್ಟು ಉತ್ಪಾದನೆಯ ಮೌಲ್ಯದ ಬಗ್ಗೆ ಕನ್ನಡದಲ್ಲಿ ಬರೆಯಲು ಕೂರುವವರೇ ಕಮ್ಮಿ, ನೀವು ಕೂತಿರಿ ಅನ್ನುವುದೇ ಖುಷಿ. ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ರಫ್ತು, ಡಾಲರ್, ವಿದೇಶಿ ಬಂಡವಾಳದ ಮೇಲೆ ಬರೆದ ಕೊನೆಯ ಪುಟಗಳ ಬಗ್ಗೆ ನಾನು ಏನೂ ಹೇಳುತ್ತಿಲ್ಲ. ನನ್ನನ್ನು ಕಾಡಿದ್ದು ಎರಡೇ ವಿಷಯ. ಅವನ್ನು ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎರಡನೇ ಪ್ಯಾರಾದ ಈ ಸಾಲು ನೋಡಿ: “2021ರ ಏಪ್ರಿಲ್–ಜೂನ್‌ನಲ್ಲಿ ಆರ್ಥಿಕತೆ ಶೇ 20.1ರಷ್ಟು ಬೆಳೆದು ನಾಗಾಲೋಟ ಆರಂಭಿಸಿತು.”

ಶೇ 20.1 ಸರಿ, ಸರ್ಕಾರ ಆಗ ಕೊಟ್ಟ ಅಂಕಿಯೇ ಅದು. ಆದರೆ ಯಾವುದಕ್ಕಿಂತ ಜಾಸ್ತಿ? ಹಿಂದಿನ ವರ್ಷದ ಅದೇ ಮೂರು ತಿಂಗಳಿಗಿಂತ. ಆ ಮೂರು ತಿಂಗಳು ಹೇಗಿದ್ದವು ಅಂತ ನಿಮಗೂ ನೆನಪಿರಬೇಕು. ಬಸ್ ಇರಲಿಲ್ಲ, ಹೋಟೆಲ್ ತೆರೆದಿರಲಿಲ್ಲ, ಕಟ್ಟಡದ ಕೆಲಸದವರು ಗಂಟುಮೂಟೆ ಹೊತ್ತು ಊರಿಗೆ ನಡೆದಿದ್ದರು. ಬೆಲೆ ಏರಿಕೆಯನ್ನು ಬದಿಗಿಟ್ಟು 2011-12ರ ಬೆಲೆಯಲ್ಲಿ ಲೆಕ್ಕ ಹಾಕಿದರೆ, 2019ರ ಏಪ್ರಿಲ್–ಜೂನ್‌ನಲ್ಲಿ ಸುಮಾರು 35.66 ಲಕ್ಷ ಕೋಟಿ ರೂಪಾಯಿ ಇದ್ದ ಜಿಡಿಪಿ 2020ರಲ್ಲಿ 26.95 ಲಕ್ಷ ಕೋಟಿಗೆ ಕುಸಿಯಿತು. 2021ರಲ್ಲಿ 32.38 ಲಕ್ಷ ಕೋಟಿಗೆ ಬಂತು. ಅಂದರೆ ಎರಡು ವರ್ಷದ ಹಿಂದೆ ಇದ್ದ ಜಾಗವನ್ನು ಇನ್ನೂ ಮುಟ್ಟಿರಲಿಲ್ಲ. ಬಾವಿಗೆ ಬಿದ್ದವನು ಮೆಟ್ಟಿಲು ಹತ್ತುತ್ತಿದ್ದಾನೆ, ತಲೆ ಇನ್ನೂ ಕಟ್ಟೆಯ ಮೇಲೆ ಕಾಣುತ್ತಿಲ್ಲ. ನೀವು ಅವನು ಓಡುತ್ತಿದ್ದಾನೆ ಅಂತ ಬರೆದಿದ್ದೀರಿ.

ಶೇಕಡಾ ಲೆಕ್ಕ ಓದುಗರಿಗೆ ಇಲ್ಲಿಯೇ ಕೈಕೊಡುತ್ತದೆ. ಶೇ 24.4 ಇಳಿದು, ಆಮೇಲೆ ಶೇ 20.1 ಏರಿದರೆ, ಇನ್ನು ನಾಲ್ಕರಷ್ಟು ಬಾಕಿ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಹಾಗಲ್ಲ. 100 ಇದ್ದದ್ದು 75.6 ಆಯಿತು. ಆ 75.6ಕ್ಕೆ ಶೇ 20.1 ಸೇರಿಸಿದರೆ 90.8. ಬಾಕಿ ಇರುವುದು ಒಂಬತ್ತಕ್ಕೂ ಜಾಸ್ತಿ. ಈ ನಾಲ್ಕು ಸಾಲಿನ ಲೆಕ್ಕ ನಿಮ್ಮ ಲೇಖನದಲ್ಲಿ ಇರಬೇಕಿತ್ತು. ಅದರ ಜಾಗದಲ್ಲಿ ನಾಗಾಲೋಟ ಬಂದು ಕೂತಿದೆ.

ಅದೇ ಪುಟದಲ್ಲಿ ಇನ್ನೊಂದು ಸಾಲು: “2013-14ರಲ್ಲಿ ಕೇವಲ ಶೇ 4.7 ಇದ್ದ ಬೆಳವಣಿಗೆ ಮರುವರ್ಷವೇ ಶೇ 7.4ಕ್ಕೆ ಜಿಗಿಯಿತು.”

ಇದನ್ನು ಓದಿ ನನಗೆ ನಿಜವಾಗಿಯೂ ಸಿಟ್ಟು ಬಂತು. ಎರಡೂ ಅಂಕಿ ಪತ್ರಿಕೆಗಳಲ್ಲಿ ಬಂದವೇ. ಆದರೆ ಅವು ಬೇರೆ ಬೇರೆ ಅಳತೆಯವು. 2015ರ ಜನವರಿ ಕೊನೆಯಲ್ಲಿ ಆಧಾರ ವರ್ಷ, ಅಂದರೆ ಯಾವ ವರ್ಷದ ಬೆಲೆ ಹಿಡಿದು ಲೆಕ್ಕ ಹಾಕುತ್ತಾರೋ ಆ ವರ್ಷ, 2004-05ರಿಂದ 2011-12ಕ್ಕೆ ಬದಲಾಯಿತು. ಲೆಕ್ಕ ಹಾಕುವ ಕ್ರಮವೂ ಬದಲಾಯಿತು. ಕಂಪನಿಗಳು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸುವ ಲೆಕ್ಕಪತ್ರಗಳನ್ನು ದೊಡ್ಡ ಪ್ರಮಾಣದಲ್ಲಿ ಬಳಸಲು ಶುರು ಮಾಡಿದರು. ಹೊಸ ಕ್ರಮದಲ್ಲಿ ಅದೇ 2013-14ರ ಬೆಳವಣಿಗೆ ಶೇ 4.7ರಿಂದ ಶೇ 6.9 ಆಯಿತು. ನೀವು ಕೊಟ್ಟ 7.4 ಹೊಸ ಕ್ರಮದ್ದು, 4.7 ಹಳೆಯದ್ದು. ಹೋದ ವರ್ಷದ ರಾಗಿಯನ್ನು ಒಂದು ಸೇರಿನಲ್ಲಿ ಅಳೆದು, ಈ ವರ್ಷದ್ದನ್ನು ಇನ್ನೊಂದು ಸೇರಿನಲ್ಲಿ ಅಳೆದು, ಬೆಳೆ ಜಾಸ್ತಿ ಆಯಿತು ಅಂದ ಹಾಗಾಯಿತು. 6.9ರಿಂದ 7.4ಕ್ಕೆ ಅಂತ ಬರೆದಿದ್ದರೆ ಸರಿ ಇರುತ್ತಿತ್ತು, ಆಗ ‘ಜಿಗಿಯಿತು’ ಅನ್ನುವ ಪದಕ್ಕೆ ಅಲ್ಲಿ ಕೆಲಸವೇ ಇರುತ್ತಿರಲಿಲ್ಲ. ನೀವು ಯಾವ ಪಕ್ಷದ ಕಡೆ ವಾಲಿದ್ದೀರಿ ಅಂತ ನಾನು ಕೇಳುತ್ತಿಲ್ಲ. ಸೇರು ಒಂದೇ ಇರಲಿ ಅಂತ ಕೇಳುತ್ತಿದ್ದೇನೆ.

ಹೊಸ ಕ್ರಮ ಸರಿಯೋ ತಪ್ಪೋ ಅನ್ನುವುದು ಬೇರೆ ಚರ್ಚೆ, ಅದು ಇನ್ನೂ ಮುಗಿದಿಲ್ಲ. ಕೇಂದ್ರ ಸರ್ಕಾರದ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದ ಅರವಿಂದ್ ಸುಬ್ರಮಣಿಯನ್ 2019ರಲ್ಲಿ, 2011-12ರಿಂದ 2016-17ರ ತನಕದ ಬೆಳವಣಿಗೆಯನ್ನು ವರ್ಷಕ್ಕೆ ಸುಮಾರು ಎರಡೂವರೆ ಶೇಕಡಾ ಅಂಶ ಹೆಚ್ಚಾಗಿ ತೋರಿಸಲಾಗಿದೆ ಎಂದು ವಾದಿಸಿದರು. ಸರ್ಕಾರ ಒಪ್ಪಲಿಲ್ಲ.

ಬಡ ದೇಶಗಳಲ್ಲಿ ಅಳತೆ ಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ಆಫ್ರಿಕಾ ನೋಡಿ. ಘಾನಾ 2010ರಲ್ಲಿ ಆಧಾರ ವರ್ಷ ಬದಲಾಯಿಸಿದಾಗ ಅದರ ಜಿಡಿಪಿ ಸುಮಾರು ಶೇ 60ರಷ್ಟು ಮೇಲೇರಿತು. ನೈಜೀರಿಯಾ 2014ರ ಏಪ್ರಿಲ್‌ನಲ್ಲಿ 1990ರ ಆಧಾರ ಬಿಟ್ಟು 2010ಕ್ಕೆ ಬಂದಾಗ ಶೇ 89ರಷ್ಟು ಹೆಚ್ಚಿತು. ಒಂದೇ ದಿನದಲ್ಲಿ ಅದು ದಕ್ಷಿಣ ಆಫ್ರಿಕಾವನ್ನು ದಾಟಿ ಆ ಖಂಡದ ಅತಿ ದೊಡ್ಡ ಆರ್ಥಿಕತೆ ಅನ್ನಿಸಿಕೊಂಡಿತು. ಲಾಗೋಸ್‌ನ ಬೀದಿಯಲ್ಲಿ ಆ ದಿನ ಯಾರ ಜೇಬಿಗೂ ಹೊಸ ದುಡ್ಡು ಬಂದಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಬೆಳೆದಿದ್ದ ಮೊಬೈಲ್, ಸಿನಿಮಾದಂಥ ಕಸುಬುಗಳು ಆಗ ಸರಿಯಾಗಿ ಲೆಕ್ಕಕ್ಕೆ ಸಿಕ್ಕವು, ಅಷ್ಟೇ.

ಈಗ ಎರಡನೆಯದು. ಇದು ನನ್ನ ಹಳೇ ಗಾಯ, ಹಾಗಾಗಿ ಸ್ವಲ್ಪ ಉದ್ದವಾಗಬಹುದು.

ನಿಮ್ಮ ಲೇಖನದಲ್ಲಿ ‘ಲಾಗಿದೆ’ ಅಂತ ಮುಗಿಯುವ ಸಾಲುಗಳನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡುತ್ತಾ ಹೋದೆ. ಹತ್ತೊಂಬತ್ತು ಸಿಕ್ಕವು. ಅಂದಾಜಿಸಲಾಗಿದೆ, ಸೇರಿಸಿಕೊಳ್ಳಲಾಗಿದೆ, ಕೈಬಿಡಲಾಗಿದೆ, ಪರಿಗಣಿಸಲಾಗಿದೆ. ಹೀಗೆ ಬರೆದಾಗ ಕೆಲಸ ಆಗಿರುತ್ತದೆ, ಮಾಡಿದವರು ಕಾಣುವುದಿಲ್ಲ. ಬೇರೆ ವಿಷಯದಲ್ಲಾದರೆ ಇದು ಬರೀ ಶೈಲಿಯ ಮಾತು. ನಿಮ್ಮ ವಿಷಯದಲ್ಲಿ ಹಾಗಲ್ಲ. ಯಾರು ಎಣಿಸಿದರು, ಹೇಗೆ ಎಣಿಸಿದರು ಅನ್ನುವುದೇ ನಿಮ್ಮ ವಿಷಯ!

“ಈ ಬಾರಿ ರಾಗಿ ಇಳುವರಿ ಉತ್ತಮವಾಗಿದೆ ಎಂದು ಅಂದಾಜಿಸಲಾಗಿದೆ.” ಇದು ನಿಮ್ಮ ಮೂರನೇ ಪುಟದ ಸಾಲು. ಇದೇ ಸಾಲನ್ನು ನಾನೂ ಬರೆದಿದ್ದೆ. ಮೂವತ್ತು ವರ್ಷದ ಹಿಂದೆ, ತುಮಕೂರಿನ ಕಡೆಯ ಒಂದು ಸಣ್ಣ ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದಾಗ. ನಮ್ಮ ಹಿರಿಯ ಸಂಪಾದಕರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, “ಯಾರಪ್ಪ ಅಂದಾಜಿಸಿದ್ದು?” ಅಂದರು. ಇಲಾಖೆ ಅಂದೆ. “ಇಲಾಖೆಗೆ ಕೈ ಇದೆಯಾ? ಹೋಗಿ ನೋಡ್ಕೊಂಡು ಬಾ” ಅಂದರು.

ಹೋದೆ. ನವೆಂಬರ್ ಕೊನೆ, ರಾಗಿ ಕೊಯ್ಲಿನ ಕಾಲ. ಬೆಳೆ ಕಟಾವು ಪ್ರಯೋಗ ಅಂತ ಅದಕ್ಕೆ ಹೆಸರು. ಯಾವ ಸರ್ವೆ ನಂಬರಿನ ಹೊಲ ಅನ್ನುವುದು ಮೊದಲೇ ಲಾಟರಿಯ ಹಾಗೆ ತೆಗೆದ ಸಂಖ್ಯೆಯಿಂದ ಗೊತ್ತಾಗಿರುತ್ತದೆ. ಗ್ರಾಮ ಲೆಕ್ಕಿಗರು ಹೊಲದ ನೈರುತ್ಯ ಮೂಲೆಯಲ್ಲಿ ನಿಂತು, ಕೈಯಲ್ಲಿದ್ದ ಚೀಟಿ ನೋಡಿ, ಉದ್ದಕ್ಕೆ ಇಷ್ಟು ಹೆಜ್ಜೆ, ಅಡ್ಡಕ್ಕೆ ಇಷ್ಟು ಹೆಜ್ಜೆ ಅಂತ ಎಣಿಸುತ್ತಾ ನಡೆದರು. ನಿಂತ ಜಾಗದಲ್ಲಿ ಗೂಟ ಹೊಡೆದರು. ಅಲ್ಲಿಂದ ಐದು ಮೀಟರ್ ಉದ್ದ, ಐದು ಮೀಟರ್ ಅಗಲ. ಟೇಪಿನ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ನಾಲ್ಕು ಗೂಟಕ್ಕೂ ಹಗ್ಗ ಬಿಗಿದರು. ಹಗ್ಗದ ಕೆಳಗೇ ಸಿಕ್ಕ ರಾಗಿ ಬುಡಗಳು ಒಳಗೋ ಹೊರಗೋ ಅಂತ ಲೆಕ್ಕಿಗರಿಗೂ ಹೊಲದ ಯಜಮಾನರಿಗೂ ಮಾತು ನಡೆಯಿತು. ನನಗೆ ಅದು ಕ್ಷುಲ್ಲಕ ಜಗಳ ಅನ್ನಿಸಿತ್ತು. ಆಮೇಲೆ ತೆನೆ ಕೊಯ್ದು, ಟಾರ್ಪಾಲಿನ ಮೇಲೆ ಬಡಿದು, ಕೇರಿ ತೂಗಿದರು. ನಾಲ್ಕೂವರೆ ಕೆಜಿ ಬಂತು. ಅದರಲ್ಲಿ ಸ್ವಲ್ಪವನ್ನು ಚೀಲದಲ್ಲಿ ಕಟ್ಟಿಟ್ಟರು, ಒಣಗಿದ ಮೇಲೆ ಮತ್ತೆ ತೂಗಲು.

ಬಸ್ಸಿನಲ್ಲಿ ವಾಪಸ್ ಬರುವಾಗ ಲೆಕ್ಕ ಹಾಕಿದೆ. ಐದೈದು ಮೀಟರ್ ಅಂದರೆ 25 ಚದರ ಮೀಟರ್. ಹೆಕ್ಟೇರ್ ಅಂದರೆ 10,000. ಹಾಗಾದರೆ ಆ ತಕ್ಕಡಿಯ ಒಂದೊಂದು ಗ್ರಾಂ ಕೂಡ ನಾನೂರು ಪಟ್ಟಾಗುತ್ತದೆ. ನಾಲ್ಕೂವರೆ ಕೆಜಿ ಅಂದರೆ ಹೆಕ್ಟೇರಿಗೆ 18 ಕ್ವಿಂಟಲ್. ಹಗ್ಗದ ಕೆಳಗಿನ ಬುಡಗಳಿಂದ ನೂರು ಗ್ರಾಂ ಹೆಚ್ಚು ಬಂದರೆ ಹೆಕ್ಟೇರಿಗೆ 40 ಕೆಜಿ ಹೆಚ್ಚು. ಕ್ಷುಲ್ಲಕ ಜಗಳ ಅಂದುಕೊಂಡಿದ್ದೆನಲ್ಲ, ಆ ಜಗಳ ದೇಶದ ಲೆಕ್ಕದ ಒಳಗೇ ನಡೆದಿತ್ತು. ಹೀಗೆ ಅಳೆದು ಕೊಯ್ಯುವ ತುಂಡು ಎಷ್ಟು ದೊಡ್ಡದಿರಬೇಕು ಅನ್ನುವುದರ ಮೇಲೆ ಪಿ.ಸಿ. ಮಹಾಲನೋಬಿಸ್ ಮತ್ತು ಪಿ.ವಿ. ಸುಖಾತ್ಮೆ ಅವರಂಥ ಸಂಖ್ಯಾಶಾಸ್ತ್ರದ ಘಟಾನುಘಟಿಗಳೇ ವಾದ ಮಾಡಿದ್ದರು ಅಂತ ಆಮೇಲೆ ಓದಿದೆ. ತುಂಡು ಸಣ್ಣದಾದಷ್ಟೂ ಅಂಚಿನ ಗಿಡಗಳು ಒಳಗೆ ಸೇರಿಕೊಂಡು ಇಳುವರಿ ಜಾಸ್ತಿ ಕಾಣುತ್ತದೆ ಅನ್ನುವುದು ಸುಖಾತ್ಮೆಯವರ ವಾದ. ಈಗ ಬೆಳೆ ವಿಮೆಯ ಪರಿಹಾರವೂ ಹೆಚ್ಚಾಗಿ ಇಂಥ ತೂಕದ ಮೇಲೆ ನಿಂತಿದೆ.

ಆ ದಿನದಿಂದ ‘ಅಂದಾಜಿಸಲಾಗಿದೆ’ ಅಂತ ನಾನು ಬರೆದಿಲ್ಲ.

ಅಂದಾಜು ಮಾಡಿದವರನ್ನು ಕೇಳುವ ಅಭ್ಯಾಸ ನಮ್ಮಲ್ಲಿ ಹಳೆಯದು. 1867-68ರ ಲೆಕ್ಕ ಹಾಕಿ, ಭಾರತೀಯನ ವರ್ಷದ ತಲಾ ಆದಾಯ 20 ರೂಪಾಯಿ ಅಂತ ದಾದಾಭಾಯಿ ನವರೋಜಿ ಹೇಳಿದರಲ್ಲ, ಅವರಿಗೆ ಸರ್ಕಾರಿ ವರದಿಗಳ ಮೇಲೆ ಇದ್ದ ದೊಡ್ಡ ತಕರಾರು ಸರಾಸರಿ ತೆಗೆಯುವ ರೀತಿಯ ಮೇಲಿತ್ತು. ಬಿತ್ತಿದ ನೆಲ ಎಷ್ಟು ಅಂತ ನೋಡದೆ ಜಿಲ್ಲೆಗಳ ಇಳುವರಿಯನ್ನು ಸುಮ್ನೆ ಕೂಡಿ ಭಾಗಿಸುತ್ತಿದ್ದರು. ಒಂದು ಕಡೆ ಸಾವಿರ ಎಕರೆಯಲ್ಲಿ ಎಕರೆಗೆ ಹತ್ತು ಕ್ವಿಂಟಲ್, ಇನ್ನೊಂದು ಕಡೆ ನೂರು ಎಕರೆಯಲ್ಲಿ ನಾಲ್ಕು ಕ್ವಿಂಟಲ್ ಬೆಳೆದರೆ, ಸರಾಸರಿ ಏಳು ಅಂತ ಬರೆದುಬಿಡುವುದು. ನಿಜವಾದದ್ದು ಒಂಬತ್ತೂವರೆಯ ಹತ್ತಿರ. ಕಚೇರಿಯಲ್ಲಿ ಕೂತು ಭಾಗಿಸಿದವರನ್ನು ನವರೋಜಿ ಹೆಚ್ಚುಕಮ್ಮಿ ಕೈ ಹಿಡಿದು ತೋರಿಸಿದರು.

ಇನ್ನು ನಿಮ್ಮ ನಾಲ್ಕನೇ ಪುಟ: “ರೈತರು ಮನೆಬಳಕೆಗೆ ಇಟ್ಟುಕೊಂಡ ಧಾನ್ಯವನ್ನು ಲೆಕ್ಕದಿಂದ ಕೈಬಿಡಲಾಗಿದೆ.” ಇದು ತಪ್ಪು. ಯಾರು ಕೈಬಿಟ್ಟರು ಅಂತ ಒಮ್ಮೆ ಕೇಳಿಕೊಂಡಿದ್ದರೆ ನಿಮಗೇ ಗೊತ್ತಾಗುತ್ತಿತ್ತು. ಬೆಳೆದ ರಾಗಿ ಮಂಡಿಗೆ ಹೋದರೂ ಮನೆಯ ವಾಡೆಗೆ ಹೋದರೂ ಜಿಡಿಪಿಯಲ್ಲಿ ಇರುತ್ತದೆ. ಲೆಕ್ಕಕ್ಕೆ ಬರದೇ ಇರುವುದು ಅದೇ ರಾಗಿಯನ್ನು ಮನೆಯ ಹೆಂಗಸು ಮುದ್ದೆ ಮಾಡಿ ಬಡಿಸುವ ಕೆಲಸ.

“ಅಸಂಘಟಿತ ವಲಯದ ಕೊಡುಗೆಯನ್ನೂ ಸೇರಿಸಿಕೊಳ್ಳಲಾಗಿದೆ.” ಹೌದು, ಸೇರಿಸಿಕೊಳ್ಳುತ್ತಾರೆ. ಹೇಗೆ? 2011-12ರ ಆಧಾರದ ಲೆಕ್ಕದಲ್ಲಿ ಸಣ್ಣ ಉದ್ದಿಮೆಗಳ ಅಂಕಿ ನಿಂತಿದ್ದು ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2010-11ರಲ್ಲಿ ಅಂಗಡಿ, ಮನೆ ಬಾಗಿಲಿಗೆ ಹೋಗಿ ಮಾಡಿದ ಸಮೀಕ್ಷೆಯ ಮೇಲೆ. ದುಡಿಯುವವರು ಎಷ್ಟು ಜನ, ಒಬ್ಬೊಬ್ಬರು ಸೇರಿಸುವ ಮೌಲ್ಯ ಎಷ್ಟು ಅಂತ ಗುಣಿಸಿದರು. ಅಂಥ ಸಮೀಕ್ಷೆ ಮತ್ತೆ ನಡೆದಿದ್ದು 2015-16ರಲ್ಲಿ, ಅದರ ನಂತರ 2021-22ರಲ್ಲಿ. ನಡುವಿನ ವರ್ಷಗಳಲ್ಲಿ ಬೇರೆ ಸೂಚಕಗಳನ್ನು ಹಿಡಿದು ಮುಂದಕ್ಕೆ ಎಳೆದುಕೊಂಡು ಹೋದರು, ಎಷ್ಟೋ ಕಡೆ ದೊಡ್ಡ ಕಾರ್ಖಾನೆಗಳ ಚಲನೆಯನ್ನೇ ಸಣ್ಣವರಿಗೂ ಹೊಂದಿಸಿದರು. ನೋಟು ರದ್ದತಿ, ಜಿಎಸ್‌ಟಿ, ಕೊರೊನಾ ಮೂರೂ ಬಂದಿದ್ದು ಆ ನಡುವಿನ ವರ್ಷಗಳಲ್ಲೇ. ದೊಡ್ಡದು ಬೆಳೆದು ಅದರ ಪಕ್ಕದ ಸಣ್ಣದು ಬಾಗಿಲು ಹಾಕಿದರೆ ಈ ಅಳತೆಗೆ ಎರಡನೆಯದು ಬೇಗ ಕಾಣುತ್ತಿರಲಿಲ್ಲ. ‘ಸೇರಿಸಿಕೊಳ್ಳಲಾಗಿದೆ’ ಅನ್ನುವ ಒಂದು ಪದದಲ್ಲಿ ನೀವು ಇಷ್ಟನ್ನೂ ಮುಚ್ಚಿಟ್ಟಿರಿ.

ಅದೇ ಪುಟದ ಕೊನೆಯಲ್ಲಿ ನೀವು ಒಂದು ಸಾಲು ಬರೆದಿದ್ದೀರಿ: “ಬಂಟ್ವಾಳದ ಹತ್ತಿರದ ನಮ್ಮ ಮನೆಯಲ್ಲಿ ಅಮ್ಮ ಇಪ್ಪತ್ತು ವರ್ಷ ಬೀಡಿ ಕಟ್ಟಿದ್ದಾರೆ.” ಬರೆದು, ಮುಂದಿನ ಸಾಲಿನಲ್ಲಿ ವಿದೇಶಿ ಬಂಡವಾಳಕ್ಕೆ ಹೋಗಿಬಿಟ್ಟಿದ್ದೀರಿ. ಎರಡನೇ ಸಲ ಓದುವಾಗ ನಾನು ಅಲ್ಲೇ ನಿಂತೆ. ಇಡೀ ಲೇಖನದಲ್ಲಿ ‘ಲಾಗಿದೆ’ ಇಲ್ಲದ, ಕೆಲಸ ಮಾಡಿದವರು ಕಣ್ಣಿಗೆ ಕಾಣುವ ಸಾಲು ಅದೊಂದೇ. ಲೇಖನ ಅಲ್ಲಿಂದ ಶುರುವಾಗಲಿ.

ಅಮ್ಮನ ಹತ್ತಿರ ಕೂತು ಕೇಳಿ. ಮಡಿಲಲ್ಲಿ ತಡಪೆ ಇಟ್ಟುಕೊಂಡು ದಿನಕ್ಕೆ ಎಷ್ಟು ಬೀಡಿ ಕಟ್ಟುತ್ತಿದ್ದರು, ಅಡುಗೆಯ ನಡುವೆ ಎಷ್ಟು ಹೊತ್ತು ಸಿಗುತ್ತಿತ್ತು. ಬೀಡಿ ಕಂಪನಿಯ ಬ್ರಾಂಚಿಗೆ ತಗೊಂಡು ಹೋದಾಗ ಎಷ್ಟು ಬೀಡಿಯನ್ನು ಚೆನ್ನಾಗಿಲ್ಲ ಅಂತ ಪಕ್ಕಕ್ಕೆ ಹಾಕುತ್ತಿದ್ದರು, ಅದಕ್ಕೆ ದುಡ್ಡು ಕೊಡುತ್ತಿದ್ದರಾ. ಎಲೆ ಕಮ್ಮಿ ಬಿದ್ದರೆ ಅದರ ದುಡ್ಡು ಯಾರ ಕೈಯಿಂದ ಹೋಗುತ್ತಿತ್ತು. ಇಷ್ಟನ್ನು ಕೇಳಿದ ಮೇಲೆ ಇನ್ನೊಂದು ಕೇಳಿ. ಈ ಇಪ್ಪತ್ತು ವರ್ಷದಲ್ಲಿ ಜನಗಣತಿಯವರೋ ಸಮೀಕ್ಷೆಯವರೋ ಮನೆಗೆ ಬಂದಿದ್ದಾಗ, ಬಾಗಿಲಲ್ಲಿ ನಿಂತು ಉತ್ತರ ಹೇಳಿದ್ದು ಯಾರು? ಅಮ್ಮನ ಹೆಸರಿನ ಮುಂದೆ ‘ಬೀಡಿ ಕೆಲಸ’ ಅಂತ ಬರೆಸಿದರಾ, ‘ಮನೆಗೆಲಸ’ ಅಂತ ಬರೆಸಿದರಾ?

ಅದು ಗೊತ್ತಾದ ಮೇಲೆ ಬರೆದು ಕಳಿಸಿ. ನಾನು ಕಾಯುತ್ತಿರುತ್ತೇನೆ.