ಬೆಳಗಾವಿ ಬಳಿಯ ಮೃಗಾಲಯಕ್ಕೆ ಮಕ್ಕಳನ್ನು ಕರೆದೊಯ್ಯಬಹುದೇ? ಅಲ್ಲಿಯ ಪ್ರಾಣಿಗಳು ಚೆನ್ನಾಗಿವೆಯೋ ಇಲ್ಲವೋ ತಿಳಿಯುವುದು ಹೇಗೆ?

ತಂಗಿ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ವಿಜಯಪುರದ ಕಡೆಯ ಹಳ್ಳಿಯಿಂದ ಇಬ್ಬರು ಮಕ್ಕಳನ್ನೂ ಅತ್ತೆಯವರನ್ನೂ ಕರೆದುಕೊಂಡು ರಜೆಯಲ್ಲಿ ಬೆಳಗಾವಿಗೆ ಬರುತ್ತೀರಿ. ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯ ತೋರಿಸಬೇಕೆಂಬ ಆಸೆ. ಆದರೆ ಅಲ್ಲಿ ಚಿಗರಿಗಳು, ಅಂದರೆ ಕೃಷ್ಣಮೃಗಗಳು, ಸತ್ತ ಸುದ್ದಿ ಓದಿ ಮನಸ್ಸು ಹಿಂದೇಟು ಹಾಕುತ್ತಿದೆ. ಹೋಗಿ ಬಂದ ನೆರೆಯವರು ‘ಎಲ್ಲ ಪ್ರಾಣಿಗಳೂ ಮಲಗಿಯೇ ಇರುತ್ತವೆ, ದುಡ್ಡು ದಂಡ’ ಎಂದರಂತೆ. ಪ್ರಾಣಿಗಳು ನೆಮ್ಮದಿಯಿಂದ ಇವೆಯೋ ಇಲ್ಲವೋ ಎಂದು ನಮ್ಮಂಥವರಿಗೆ ಗೊತ್ತಾಗುವುದು ಹೇಗೆ ಎಂದು ಕೇಳಿದ್ದೀರಿ.

ಕರೆದುಕೊಂಡು ಬನ್ನಿ. ನೋಡುವ ಬಗೆಯನ್ನು ಮಾತ್ರ ಸ್ವಲ್ಪ ಬದಲಿಸಿಕೊಳ್ಳಿ.

ನಾನು ಪಶುಸಂಗೋಪನಾ ಇಲಾಖೆಯಲ್ಲಿ ಪಶುವೈದ್ಯಕೀಯ ಪರೀಕ್ಷಕನಾಗಿ ಹುಕ್ಕೇರಿ, ಗೋಕಾಕ ಕಡೆಯ ಹಳ್ಳಿಗಳಲ್ಲಿ ದುಡಿದು ನಿವೃತ್ತನಾದವನು. ಈಗ ಬೆಳಗಾವಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳಿಗೆ ಪ್ರಾಣಿಗಳೆಂದರೆ ಜೀವ. ಹಾಗಾಗಿ ವರ್ಷಕ್ಕೆ ನಾಲ್ಕಾರು ಸಲ ಅಲ್ಲಿಗೆ ಹೋಗುತ್ತೇವೆ. ನಾನು ಜೀವಮಾನವೆಲ್ಲ ನೋಡಿದ್ದು ದನ, ಎಮ್ಮೆ, ಕುರಿ, ಮೇಕೆಗಳನ್ನು. ಆ ಕಣ್ಣಿನಿಂದಲೇ ಕಾಡುಪ್ರಾಣಿಯನ್ನೂ ನೋಡುತ್ತೇನೆ, ಮತ್ತು ಆ ಕಣ್ಣು ಸಾಕಷ್ಟು ತಿಳಿಸುತ್ತದೆ ಎಂದು ನಂಬಿದ್ದೇನೆ.

ನಿಮ್ಮ ಅತ್ತೆಯವರು ಎಮ್ಮೆ ಸಾಕಿದವರು ಎಂದು ಬರೆದಿದ್ದೀರಿ. ನಸುಕಿನಲ್ಲಿ ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ಏನು ನೋಡುತ್ತೀರಿ ಎಂದು ಅವರನ್ನು ಕೇಳಿ. ಎಮ್ಮೆ ಮೆಲುಕು ಹಾಕುತ್ತಿದೆಯೇ, ರಾತ್ರಿ ಹಾಕಿದ ಕಣಿಕೆ ಗೋದಲಿಯಲ್ಲಿ ಹಾಗೆಯೇ ಉಳಿದಿದೆಯೇ, ಸೆಗಣಿ ಹದವಾಗಿದೆಯೇ, ಕಿವಿ ಜೋತುಬಿದ್ದಿದೆಯೇ, ಮೂತಿ ಒದ್ದೆಯಾಗಿದೆಯೇ? ಕೈ ಮುಟ್ಟಿಸುವ ಮೊದಲೇ ಅರ್ಧ ವಿಷಯ ಅವರಿಗೆ ತಿಳಿದಿರುತ್ತದೆ. ಮೃಗಾಲಯದ ಬೇಲಿಯ ಮುಂದೆ ನಿಂತಾಗಲೂ ಅದನ್ನೇ ನೋಡಬೇಕು. ನೀರಿನ ತೊಟ್ಟಿಯಲ್ಲಿ ಪಾಚಿ ಕಟ್ಟಿದೆಯೇ, ತಿಳಿನೀರಿದೆಯೇ? ಮಧ್ಯಾಹ್ನದ ಬಿಸಿಲಿನಲ್ಲಿ ಎಲ್ಲ ಪ್ರಾಣಿಗಳಿಗೂ ಸಾಲುವಷ್ಟು ನೆರಳಿದೆಯೇ, ಅಥವಾ ಬಲಿಷ್ಠವಾದ ಒಂದೆರಡಕ್ಕೆ ಮಾತ್ರವೇ? ಮೈಮೇಲಿನ ಕೂದಲು ಹೊಳೆಯುತ್ತಿದೆಯೇ, ಪಕ್ಕೆಲುಬು ಎದ್ದು ಕಾಣುತ್ತಿದೆಯೇ, ಗೊರಸು ಅತಿಯಾಗಿ ಬೆಳೆದು ನಡಿಗೆ ಕೆಟ್ಟಿದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಜನರ ಕಣ್ಣು ತಪ್ಪಿಸಿಕೊಳ್ಳಲು ಒಂದು ಪೊದೆಯೋ ಬಂಡೆಯೋ ಗೋಡೆಯ ಮರೆಯೋ ಇದೆಯೇ? ಬೇಕೆಂದಾಗ ಮರೆಗೆ ಸರಿಯಬಲ್ಲ ಪ್ರಾಣಿ ಅರ್ಧ ನೆಮ್ಮದಿಯಲ್ಲಿದೆ ಎಂದೇ ಲೆಕ್ಕ. ನಮಗೆ ಕಾಣಲಿಲ್ಲವೆಂದು ಬೇಸರ ಮಾಡಿಕೊಳ್ಳಬಾರದು.

ಇನ್ನೊಂದು ಗುರುತನ್ನು ಬಿಡಿಸಿ ಹೇಳಬೇಕು. ಬಹಳ ವರ್ಷಗಳ ಹಿಂದೆ ಬೇರೆ ಜಿಲ್ಲೆಯೊಂದರಲ್ಲಿ ಒಂದು ಸಣ್ಣ ಆವರಣದೊಳಗೆ ತೋಳವನ್ನು ನೋಡಿದೆ. ಬೇಲಿಗುಂಟ ಹತ್ತು ಹೆಜ್ಜೆ ಹೋಗುತ್ತಿತ್ತು, ಮೂಲೆಯಲ್ಲಿ ಕತ್ತನ್ನು ಒಂದೇ ರೀತಿ ಎಡಕ್ಕೆ ಹೊರಳಿಸಿ ಮರಳುತ್ತಿತ್ತು. ಮತ್ತೆ ಹತ್ತು ಹೆಜ್ಜೆ, ಮತ್ತೆ ಅದೇ ಹೊರಳು. ಅದರ ಕಾಲಡಿಯ ಮಣ್ಣು ಸವೆದು, ಸಾರಿಸಿದ ನೆಲದಂತೆ ನುಣುಪಾಗಿತ್ತು. ಆ ಜಾಡಿನಿಂದ ಒಂದು ಗೇಣು ಆಚೆಗೆ ಹುಲ್ಲು ಹಾಗೆಯೇ ಬೆಳೆದು ನಿಂತಿತ್ತು. ಜನ ‘ಎಷ್ಟು ಚುರುಕಾಗಿದೆ ನೋಡು’ ಎಂದು ಮಕ್ಕಳಿಗೆ ತೋರಿಸುತ್ತಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮಾಡಲು ಏನೂ ಇಲ್ಲದ, ಹೋಗಲು ಎಲ್ಲೂ ಜಾಗವಿಲ್ಲದ ಪ್ರಾಣಿ ಹಾಗೆ ತಿರುಗುತ್ತದೆ. ಕಟ್ಟಿಹಾಕಿದ ಎತ್ತು ದಿನವಿಡೀ ತಲೆ ತೂಗುತ್ತಿದ್ದರೆ ನಾವು ಹೇಗೆ ಚಿಂತಿಸುತ್ತೇವೆಯೋ ಅದೂ ಹಾಗೆಯೇ. ಊಟದ ಹೊತ್ತು ಹತ್ತಿರವಾದಾಗ ಹುಲಿ ಬಾಗಿಲ ಬಳಿ ಅಡ್ಡಾಡುವುದು ಬೇರೆ, ಅದು ಕಾಯುತ್ತಿರುತ್ತದೆ. ಬೆಳಿಗ್ಗೆಯೂ ಮಧ್ಯಾಹ್ನವೂ ಅದೇ ಜಾಡು, ಅದೇ ಹೊರಳು ಕಂಡರೆ ಮಾತ್ರ ಅಲ್ಲಿನ ಪ್ರಾಣಿಪಾಲಕರನ್ನು ಕರೆದು ಕೇಳಿ. ತಪ್ಪು ಹುಡುಕುವ ದನಿ ಬೇಡ, ಕಾಳಜಿಯಿಂದ ಕೇಳಿ. ಬಹುತೇಕ ಪ್ರಾಣಿಪಾಲಕರು ಪ್ರೀತಿಯಿಂದಲೇ ಉತ್ತರಿಸುತ್ತಾರೆ, ಯಾಕೆಂದರೆ ಅದರ ಬಗ್ಗೆ ಅವರನ್ನು ಕೇಳುವವರೇ ಇಲ್ಲ.

ಈಗ ಮಲಗಿದ ಸಿಂಹದ ಮಾತು. ಭೂತರಾಮನಹಟ್ಟಿಗೆ 2021ರಲ್ಲಿ ಬನ್ನೇರುಘಟ್ಟದಿಂದ ಸಿಂಹಗಳು ಬಂದ ಮೇಲೆ ಅವನ್ನು ನೋಡಲೆಂದೇ ಬರುವವರು ಹೆಚ್ಚಾದರು. ಸಿಂಹ ದಿನದ 24 ಗಂಟೆಗಳಲ್ಲಿ 20 ಗಂಟೆಯವರೆಗೂ ಮಲಗಿ ಕಳೆಯಬಲ್ಲ ಪ್ರಾಣಿ. ಗಿರ್ ಕಾಡಿಗೆ ಹೋದರೂ ಹಗಲಿನಲ್ಲಿ ಅದು ನೆರಳು ಹುಡುಕಿ ಬಿದ್ದುಕೊಂಡೇ ಇರುತ್ತದೆ. ಮಾಂಸ ತಿಂದು ಹೊಟ್ಟೆ ತುಂಬಿದ ಮೇಲೆ, ಹೆದರಿಕೆಯೂ ಇಲ್ಲದಿದ್ದಾಗ, ಅದು ಇನ್ನೇನು ಮಾಡಬೇಕು? ಮಲಗಿದ ಸಿಂಹವನ್ನು ಕಂಡು ನನಗಂತೂ ಸಮಾಧಾನವೇ ಆಗುತ್ತದೆ.

ಕಳೆದ ಚಳಿಗಾಲದ ಒಂದು ಭಾನುವಾರ ಮೊಮ್ಮಗಳನ್ನು ಎತ್ತಿಕೊಂಡು ಸಿಂಹದ ಆವರಣದ ಮುಂದೆ ನಿಂತಿದ್ದೆ. ಸಿಂಹ ನಮಗೆ ಬೆನ್ನು ಮಾಡಿ ಮಲಗಿತ್ತು. ಪಕ್ಕದಲ್ಲಿ ಹತ್ತಿಪ್ಪತ್ತು ಜನ ಸೇರಿ ಶಿಳ್ಳೆ ಹಾಕಿದರು, ಚಪ್ಪಾಳೆ ತಟ್ಟಿದರು, ಒಬ್ಬರು ಕಬ್ಬಿಣದ ಸರಳಿಗೆ ಉಂಗುರದ ಬೆರಳಿನಿಂದ ಟಕಟಕ ಬಡಿದರು. ಸಿಂಹ ಏಳಲಿಲ್ಲ. ‘ಸತ್ತಿದೆಯೋ ಏನೋ’ ಎಂದು ಯಾರೋ ನಕ್ಕು ಮುಂದೆ ಹೋದರು. ಮೊಮ್ಮಗಳು ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದಳು: ‘ಅಜ್ಜ, ಅದು ಹದಿನೇಳು ಸಲ ಕಿವಿ ತಿರುಗಿಸಿತು, ನಾನು ಎಣಿಸಿದೆ.’ ಆಮೇಲೆ ನಾನೂ ನೋಡಿದೆ. ಪ್ರತಿ ಶಿಳ್ಳೆಗೂ ಎಡಗಿವಿ ಹಿಂದಕ್ಕೆ ಹೊರಳುತ್ತಿತ್ತು. ಬಾಲದ ತುದಿಯ ಕೂದಲ ಗೊಂಚಲು ನೆಲಕ್ಕೆ ಒಮ್ಮೆ ಬಡಿದು ಸುಮ್ಮನಾಗುತ್ತಿತ್ತು. ಮಲಗಿದಂತೆ ಕಂಡರೂ ಅದಕ್ಕೆ ನಿದ್ದೆ ಬಂದಿರಲಿಲ್ಲ. ಭಾನುವಾರವೆಲ್ಲ ಅದನ್ನು ಹೀಗೆ ನಿಮಿಷಕ್ಕೊಮ್ಮೆ ಎಬ್ಬಿಸುತ್ತಲೇ ಇರುತ್ತೇವೆ. ಜಾಗ ಎಷ್ಟೇ ದೊಡ್ಡದಿರಲಿ, ಊಟ ಎಷ್ಟೇ ಚೆನ್ನಾಗಿರಲಿ, ಆ ಪ್ರಾಣಿಯ ಆ ದಿನದ ನೆಮ್ಮದಿ ಬೇಲಿಯ ಈಚೆಗೆ ನಿಂತ ನಮ್ಮ ಕೈಯಲ್ಲಿಯೂ ಇದೆ. ನಿಮ್ಮ ಪ್ರಶ್ನೆಗೆ ನನ್ನ ನಿಜವಾದ ಉತ್ತರ ಇದೇ.

ನಾನು ಹುಡುಗನಾಗಿದ್ದಾಗ ಜಾತ್ರೆಗೆ ಬಂದ ಸರ್ಕಸ್‌ನಲ್ಲಿ ಸಿಂಹವನ್ನು ಗಾಡಿಯ ಮೇಲಿನ ಬೋನಿನಲ್ಲಿ ಕಂಡವನು. ತಿರುಗಲು ಮಾತ್ರ ಜಾಗವಿತ್ತು. ಸಿಂಹ, ಹುಲಿ, ಚಿರತೆ, ಕರಡಿ, ಕೋತಿಗಳನ್ನು ಹಾಗೆ ಆಡಿಸುವುದನ್ನು ಕೇಂದ್ರ ಸರ್ಕಾರ 1998ರ ಅಧಿಸೂಚನೆಯಿಂದ ನಿಲ್ಲಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸರ್ಕಸ್‌ನಿಂದ ಬಿಡಿಸಿ ತಂದ ಎಷ್ಟೋ ಸಿಂಹಗಳು ಬನ್ನೇರುಘಟ್ಟದ ಆಶ್ರಯ ಕೇಂದ್ರದಲ್ಲಿಯೇ ಮುಪ್ಪಾದವು. ಅಲ್ಲಿಂದ ಇಲ್ಲಿಯವರೆಗೆ ಬಂದಿದ್ದೇವೆ ಎಂಬುದು ನೆನಪಿರಲೆಂದು ಹೇಳಿದೆ.

ಚಿಗರಿಗಳ ವಿಷಯಕ್ಕೆ ಬರುತ್ತೇನೆ. 2025ರ ನವೆಂಬರ್‌ನಲ್ಲಿ ಭೂತರಾಮನಹಟ್ಟಿಯಲ್ಲಿದ್ದ 38 ಕೃಷ್ಣಮೃಗಗಳಲ್ಲಿ 31 ಕೆಲವೇ ದಿನಗಳಲ್ಲಿ ಸತ್ತವು. ಕಾರಣ ಗಳಲೆ ರೋಗ, ಹಲವರು ಗಂಟಲು ಬೇನೆ ಎನ್ನುತ್ತಾರೆ. ಸುದ್ದಿ ಓದಿದ ದಿನ ನನಗೆ ಅನ್ನ ಸೇರಲಿಲ್ಲ, ಯಾಕೆಂದರೆ ಈ ರೋಗವನ್ನು ನಾನು ಎಮ್ಮೆಯ ಕೊಟ್ಟಿಗೆಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಸಂಜೆ ಹಾಲು ಕೊಟ್ಟ ಎಮ್ಮೆಗೆ ರಾತ್ರಿ ಮೈ ಸುಡುವ ಜ್ವರ ಬರುತ್ತದೆ, ಗಂಟಲ ಕೆಳಗೆ ಬಾವು ಏರುತ್ತದೆ, ಬಾಯಿಂದ ಜೊಲ್ಲು ಸುರಿಯುತ್ತದೆ, ಉಸಿರಾಟ ಗೊರಗೊರ ಎನ್ನುತ್ತದೆ. ಬೆಳಗಾಗುವುದರೊಳಗೆ ಕೆಲವು ಹೋಗಿಯೇ ಬಿಡುತ್ತವೆ. ಔಷಧ ಹಿಡಿದು ಸೈಕಲ್ ತುಳಿದುಕೊಂಡು ಹೋಗುವಷ್ಟರಲ್ಲಿ ಮನೆಯವರು ಅಂಗಳದಲ್ಲಿ ಕುಳಿತು ಅಳುತ್ತಿದ್ದ ದಿನಗಳು ನನಗೆ ಮರೆತಿಲ್ಲ. ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಆರೋಗ್ಯವಾಗಿರುವ ಕೆಲವು ಪ್ರಾಣಿಗಳ ಗಂಟಲಿನಲ್ಲಿಯೂ ಅದು ಸುಮ್ಮನೆ ಕುಳಿತಿರಬಹುದು. ಹವಾಮಾನ ಹಠಾತ್ತನೆ ಬದಲಾದಾಗ, ಮೈ ಸೋತಾಗ, ಪ್ರಾಣಿ ಬೆದರಿ ಬಳಲಿದಾಗ ಎದ್ದು ನಿಲ್ಲುತ್ತದೆ. ಅದಕ್ಕಾಗಿಯೇ ನಾವು ಪ್ರತಿ ವರ್ಷ ಮುಂಗಾರಿಗೆ ಮೊದಲು ಮನೆಮನೆಗೆ ಹೋಗಿ ಲಸಿಕೆ ಹಾಕುತ್ತಿದ್ದೆವು.

ಎಮ್ಮೆಯನ್ನು ಹಿಡಿದು ಕಟ್ಟಿ ಸೂಜಿ ಚುಚ್ಚಬಹುದು. ಚಿಗರಿಯನ್ನು ಹಾಗೆ ಹಿಡಿಯಲಾಗದು, ಕಷ್ಟ ಇರುವುದು ಅಲ್ಲಿಯೇ. ಬಯಲಿನಲ್ಲಿ ಗಂಟೆಗೆ 80 ಕಿ.ಮೀ. ವರೆಗೆ ಓಡಬಲ್ಲ ಪ್ರಾಣಿ ಅದು. ಅಪಾಯ ಕಂಡರೆ ಓಟ ಬಿಟ್ಟು ಅದಕ್ಕೆ ಬೇರೆ ದಾರಿ ಗೊತ್ತಿಲ್ಲ. ಬೇಲಿಯೊಳಗೆ ಬೆದರಿಸಿದರೆ ಬೇಲಿಗೇ ಹೋಗಿ ಅಪ್ಪಳಿಸುತ್ತದೆ, ಕಾಲು ಮುರಿದುಕೊಳ್ಳುತ್ತದೆ. ಗಾಯವೇ ಆಗದಿದ್ದರೂ ಭಯದಲ್ಲಿ ಹುಚ್ಚೆದ್ದು ಓಡಿದ್ದರಿಂದ ಸ್ನಾಯುಗಳು ಒಳಗೊಳಗೇ ಹಾಳಾಗಿ, ಕೆಲವು ಗಂಟೆಗಳಲ್ಲೋ ದಿನಗಳಲ್ಲೋ ಸಾಯುವುದುಂಟು. ಜಿಂಕೆ ಜಾತಿಯ ಪ್ರಾಣಿಗಳ ಬೇಲಿಯ ಮುಂದೆ ಮಕ್ಕಳು ‘ಹೋ’ ಎಂದು ಕೂಗಿ ಓಡಿಸುವುದನ್ನು ದೊಡ್ಡವರು ನಗುತ್ತಾ ನೋಡಿದಾಗ ನನಗೆ ಸಿಟ್ಟು ಬರುವುದು ಇದಕ್ಕೇ. ನಿಮ್ಮ ಮಕ್ಕಳಿಗೆ ದಾರಿಯಲ್ಲಿಯೇ ಇದನ್ನು ಹೇಳಿಬಿಡಿ. ಅವರ ವಯಸ್ಸಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ.

ತಿಂಡಿ ಹಾಕುವುದಂತೂ ಬೇಡವೇ ಬೇಡ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 38-ಜೆ ಸೆಕ್ಷನ್ ಪ್ರಕಾರ ಮೃಗಾಲಯದ ಪ್ರಾಣಿಗೆ ತಿನ್ನಲು ಕೊಡುವುದು, ಕೆಣಕುವುದು, ಗದ್ದಲದಿಂದ ತೊಂದರೆ ಕೊಡುವುದು, ಅಲ್ಲಿ ಕಸ ಎಸೆಯುವುದು ಎಲ್ಲವೂ ಅಪರಾಧ. ಕಾನೂನಿಗಿಂತ ಹೆಚ್ಚಾಗಿ ನನ್ನ ಕಣ್ಣ ಮುಂದೆ ಬರುವುದು ಒಂದು ಹಸು. ಹೊಟ್ಟೆ ಉಬ್ಬರಿಸಿ, ಮೇವು ಬಿಟ್ಟು, ಬಡಕಲಾಗಿದ್ದ ಅದನ್ನು ವೈದ್ಯರು ಎಡಪಕ್ಕೆಯಲ್ಲಿ ಕೊಯ್ದು ದೊಡ್ಡಹೊಟ್ಟೆಯೊಳಗೆ ಕೈ ಹಾಕಿದರು. ನಾನು ಪಕ್ಕದಲ್ಲಿ ಬಕೆಟ್ ಹಿಡಿದು ನಿಂತಿದ್ದೆ. ಪ್ಲಾಸ್ಟಿಕ್ ಚೀಲಗಳು ಒಂದಕ್ಕೊಂದು ಹೆಣೆದುಕೊಂಡು ಹಗ್ಗದಂತೆ ಮೊಳಗಟ್ಟಲೆ ಹೊರಬಂದವು. ನಡುವೆ ಒಂದು ಚಿಪ್ಸ್ ಪೊಟ್ಟಣ, ಮೇಲಿನ ಬಣ್ಣ ಕೂಡ ಮಾಸದೆ ಮೊನ್ನೆ ಕೊಂಡಂತೆ ಇತ್ತು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಗೆ ಹೋದ ಪ್ಲಾಸ್ಟಿಕ್ ಕರಗುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ಹಸುವಿಗೆ ಆದದ್ದು ಚಿಗರಿಗೂ ಕಡವೆಗೂ ಆಗುತ್ತದೆ, ಆದರೆ ಅವುಗಳ ಹೊಟ್ಟೆ ಕೊಯ್ದು ಉಳಿಸಿಕೊಳ್ಳುವುದು ಹಸುವಿನಷ್ಟು ಸುಲಭವಲ್ಲ. ‘ಪಾಪ, ಹಸಿದಿರಬೇಕು’ ಎಂದು ಅತ್ತೆಯವರ ಕರುಳು ಚುರುಕ್ ಎನ್ನಬಹುದು. ಅವರಿಗೆ ಹೇಳಿ, ಅನೇಕ ಮೃಗಾಲಯಗಳಲ್ಲಿ ಹುಲಿ, ಸಿಂಹಗಳನ್ನು ವಾರಕ್ಕೊಂದು ದಿನ ಬೇಕೆಂದೇ ಉಪವಾಸ ಇಡುತ್ತಾರೆ. ಕಾಡಿನಲ್ಲಿ ಅವಕ್ಕೆ ದಿನಾ ಬೇಟೆ ಸಿಗುವುದಿಲ್ಲ, ಹೊಟ್ಟೆಗೂ ಒಂದು ದಿನ ಬಿಡುವು ಬೇಕು. ನಮ್ಮ ಸೋಮವಾರದ ಒಪ್ಪತ್ತಿನಂತೆ ಎಂದರೆ ಅವರು ತಕ್ಷಣ ಒಪ್ಪುತ್ತಾರೆ.

ದನ ಕಟ್ಟಿದ ಮನೆಯಿಂದ ಬರುವವರಾದ್ದರಿಂದ ಇನ್ನೊಂದು ಮಾತು. ಕೊಟ್ಟಿಗೆಯಲ್ಲಿ ಓಡಾಡಿದ ಚಪ್ಪಲಿಯಲ್ಲಿಯೇ ಬರಬೇಡಿ. ಕಾಲುಬಾಯಿ ಬೇನೆಯ ವೈರಾಣು ಚಪ್ಪಲಿಗೆ, ಬಟ್ಟೆಗೆ ಅಂಟಿಕೊಂಡು ಊರಿಂದೂರಿಗೆ ಹೋಗಬಲ್ಲದು, ಸೀಳುಗೊರಸಿನ ಎಲ್ಲ ಪ್ರಾಣಿಗಳಿಗೂ ತಗಲುತ್ತದೆ. ಊರಿನಲ್ಲಿ ದನಗಳಿಗೆ ಬೇನೆ ಬಂದಿದ್ದರೆ ಪ್ರವಾಸವನ್ನೇ ಮುಂದೂಡಿ. ಆರೋಗ್ಯವಾಗಿದ್ದರೂ ಕೈಕಾಲು ತೊಳೆದು, ಬೇರೆ ಬಟ್ಟೆ, ಬೇರೆ ಚಪ್ಪಲಿ ಹಾಕಿಕೊಂಡು ಬನ್ನಿ. ಹೊರಗಡೆ ಈ ಮಾತನ್ನು ನಿಮಗೆ ಯಾರೂ ಹೇಳಲಿಕ್ಕಿಲ್ಲ.

ಹೋಗುವ ಬಗೆ ಸುಲಭ. ಬೆಳಗಾವಿಯಿಂದ ಕೊಲ್ಹಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಕಾಕತಿ ದಾಟಿದ ಮೇಲೆ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಹತ್ತಿರ. ಭಾನುವಾರ ಬಿಡಿ, ವಾರದ ನಡುವಿನ ದಿನ ಬನ್ನಿ. ವಾರದ ರಜೆ ಯಾವತ್ತೆಂದು ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಬಾಗಿಲು ತೆರೆದ ಕೂಡಲೇ ಒಳಗೆ ಹೋದರೆ ಪ್ರಾಣಿಗಳು ಓಡಾಡುವುದು ಕಾಣುತ್ತದೆ, ಬಿಸಿಲೇರಿದ ಮೇಲೆ ಅವೂ ನೆರಳು ಹಿಡಿಯುತ್ತವೆ. ನೀರಿಗೆ ಸ್ಟೀಲ್ ಬಾಟಲಿ ತನ್ನಿ. ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಹೊರಗೆ ಬಂದ ಮೇಲೆ ಬಿಚ್ಚಿ. ಎಲ್ಲವನ್ನೂ ನೋಡಿ ಮುಗಿಸಬೇಕೆಂಬ ಅವಸರ ಬೇಡ. ಮಕ್ಕಳು ಒಬ್ಬೊಬ್ಬರೂ ಒಂದೊಂದು ಪ್ರಾಣಿಯನ್ನು ಆರಿಸಿಕೊಳ್ಳಲಿ, ಅದರ ಮುಂದೆ ಅರ್ಧ ಗಂಟೆ ಮಾತಿಲ್ಲದೆ ನಿಲ್ಲಲಿ. ಮೊದಲ ಐದು ನಿಮಿಷ ಕಷ್ಟ. ಆಮೇಲೆ ಅವರೇ ನಿಮಗೆ ಏನೇನೋ ತೋರಿಸಲು ಶುರು ಮಾಡುತ್ತಾರೆ.

ಬರುವಾಗ ಮುಧೋಳದ ಮೇಲೆ ಬರುತ್ತೀರಾದರೆ, ಬೀಳಗಿಯ ಕಡೆ ಹಬ್ಬಿರುವ ಕುರುಚಲು ಗುಡ್ಡಗಳನ್ನು ಮಕ್ಕಳಿಗೆ ತೋರಿಸಿ. ಅಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮವಿದೆ. ಚಿಂಕಾರ ನಮ್ಮ ಚಿಗರಿಯ ಬಳಗದ್ದೇ, ಇನ್ನೂ ಚಿಕ್ಕದು, ಇನ್ನೂ ಅಂಜುಬುರುಕ. ಬಸ್ಸಿನಿಂದ ಕಾಣುವುದಿಲ್ಲ, ಆದರೂ ಆ ಗುಡ್ಡದಲ್ಲಿ ಅದು ಬೇಲಿಯಿಲ್ಲದೆ ಬದುಕುತ್ತಿದೆ ಎಂದು ಮಕ್ಕಳಿಗೆ ತಿಳಿದಿದ್ದರೆ ಭೂತರಾಮನಹಟ್ಟಿಯಲ್ಲಿ ನೋಡುವ ನೋಟವೇ ಬೇರೆಯಾಗುತ್ತದೆ.

ಅತ್ತೆಯವರನ್ನು ಹೆಚ್ಚು ನಡೆಸಬೇಡಿ. ನೆರಳಿರುವ ಕಡೆ, ಕಡವೆಗಳೋ ಚಿಗರಿಗಳೋ ಕಾಣುವ ಜಾಗದಲ್ಲಿ ಕೂರಿಸಿ. ಯಾವುದು ಮೆಲುಕು ಹಾಕುತ್ತಿದೆ, ಯಾವುದು ಮೇವು ಬಿಟ್ಟಿದೆ, ಯಾವುದರ ಹೊಟ್ಟೆಯಲ್ಲಿ ಮರಿ ಇದೆ ಎಂದು ಅವರು ಹೇಳುತ್ತಾರೆ. ಹೇಳಿದ್ದನ್ನು ಊರಿಗೆ ಮರಳಿದ ಮೇಲೆ ಇಲ್ಲಿಯೇ ಬರೆಯಿರಿ, ನಾನೂ ನನ್ನ ಮೊಮ್ಮಗಳೂ ಓದುತ್ತೇವೆ.