ತುಂಬಾ ಕಟ್ಟುನಿಟ್ಟಾಗಿ ಬೆಳೆಸಿದ ಮಕ್ಕಳು ಹೆಚ್ಚು ಸುಳ್ಳು ಹೇಳುವುದೇಕೆ?

ಏಟಿಗೆ ಹೆದರಿದ ಮಗು ತಪ್ಪು ಮಾಡುವುದನ್ನು ಬಿಡುವುದಕ್ಕಿಂತ ಬೇಗ ಸಿಕ್ಕಿಬೀಳದಿರುವುದನ್ನು ಕಲಿಯುತ್ತದೆ. ನಿಜ ಹೇಳಿದರೆ ಏಟು ಖಚಿತ, ಸುಳ್ಳು ಹೇಳಿದರೆ ತಪ್ಪಿಸಿಕೊಳ್ಳಲೂಬಹುದು. ಈ ಲೆಕ್ಕ ಎಳೆಯ ಮಕ್ಕಳಿಗೂ ಗೊತ್ತು.

ಮನೋವಿಜ್ಞಾನಿಗಳಾದ ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಪುರಾವೆ. ಅದು ಮನೆಯದಲ್ಲ, ಶಾಲೆಯದು. ಆದರೆ ಭಯ ಕೆಲಸ ಮಾಡುವ ಬಗೆ ಒಂದೇ. ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳಲ್ಲಿ ಒಂದರಲ್ಲಿ ತಪ್ಪಿಗೆ ಹೊಡೆಯುತ್ತಿದ್ದರು, ಇನ್ನೊಂದರಲ್ಲಿ ಹೊಡೆಯುತ್ತಿರಲಿಲ್ಲ. ಅಲ್ಲಿನ 3–4 ವರ್ಷದ ಮಕ್ಕಳಿಗೆ, ಬೆನ್ನ ಹಿಂದಿದ್ದ ಆಟಿಕೆಯನ್ನು ತಿರುಗಿ ನೋಡಬೇಡ ಎಂದು ಹೇಳಿ ಒಂಟಿಯಾಗಿ ಬಿಟ್ಟರು. ಎರಡೂ ಕಡೆಯ ಹೆಚ್ಚಿನ ಮಕ್ಕಳು ಇಣುಕಿದರು, ಮಕ್ಕಳಲ್ಲವೇ! ಆದರೆ ಹೊಡೆಯುವ ಶಾಲೆಯ ಮಕ್ಕಳೇ ಹೆಚ್ಚಾಗಿ ‘ನೋಡಲಿಲ್ಲ’ ಎಂದರು. ಹಾಗಾದರೆ ಅದು ಯಾವ ಆಟಿಕೆ ಇರಬಹುದು ಎಂದು ಕೆದಕಿದಾಗಲೂ ಗುಟ್ಟು ಬಿಡದೆ ಸುಳ್ಳನ್ನು ನಿಭಾಯಿಸಿದವರು ಅವರೇ.

ಹಾಗೆಂದು ನಿಯಮಗಳೇ ಬೇಡವೆಂದಲ್ಲ. 1960ರ ದಶಕದಲ್ಲಿ ಪಾಲನೆಯ ಶೈಲಿಗಳನ್ನು ವಿಂಗಡಿಸಿದ ಮನೋವಿಜ್ಞಾನಿ ಡಯಾನಾ ಬೌಮ್‌ರಿಂಡ್ ಮೆಚ್ಚಿದ್ದು, ನಿಯಮವನ್ನು ಸಡಿಲಿಸದೆ ಕಾರಣ ಹೇಳುವ, ಮಗುವಿನ ಮಾತಿಗೂ ಕಿವಿಗೊಡುವ ತಂದೆತಾಯಿಯರನ್ನು. ನೆಲದ ಮೇಲೆ ಹಾಲು ಚೆಲ್ಲಿರುವುದು ಕಣ್ಣಿಗೇ ಕಾಣುವಾಗ ‘ಯಾರು ಚೆಲ್ಲಿದ್ದು?’ ಎಂಬ ಗದರಿಕೆ ಸುಳ್ಳಿಗೆ ಕೊಟ್ಟ ಆಹ್ವಾನ. ‘ಬಟ್ಟೆ ತೆಗೆದುಕೊಂಡು ಬಾ, ಒರೆಸು’ ಎಂದರೆ ಸಾಕು.