ಸೆಕೆಂಡ್ ಹ್ಯಾಂಡ್ ಮೀಡಿಯಂ ಫಾರ್ಮ್ಯಾಟ್: ಯಾಶಿಕಾನಾ, ಮಾಮಿಯಾನಾ?

ನಿಮ್ಮ ಪ್ರಶ್ನೆ ಇಷ್ಟು: ಕೈಯಲ್ಲಿ 40 ಸಾವಿರ ಇದೆ, ಇಲ್ಲಿವರೆಗೆ 35 ಎಂಎಂ ಫಿಲ್ಮ್ ಮಾತ್ರ ಬಳಸಿದ್ದೀರಿ, ಈಗ ದೊಡ್ಡ 120 ಫಿಲ್ಮ್ ಹಾಕುವ ಮೀಡಿಯಂ ಫಾರ್ಮ್ಯಾಟ್‌ಗೆ ಬರಬೇಕು, ಮಾಮಿಯಾ ಆರ್‌ಬಿ67 ತಗೊಳ್ಳಲೋ ಯಾಶಿಕಾ ಮ್ಯಾಟ್ 124ಜಿ ತಗೊಳ್ಳಲೋ ಅಂತ ಗೊಂದಲ. ಕೊನೆಯಲ್ಲಿ "ಹೆಚ್ಚಾಗಿ ಜಾತ್ರೆ, ಸಂತೆ ಅಂತ ಊರೂರು ಸುತ್ತುವಾಗ ತೆಗೆಯೋದು" ಅಂತ ಒಂದು ಸಾಲು ಸೇರಿಸಿದ್ದೀರಲ್ಲ, ಉತ್ತರ ಅಲ್ಲೇ ಇದೆ. ಯಾಶಿಕಾ ತಗೊಳ್ಳಿ.

ನನ್ನ ಹತ್ತಿರ ಎರಡೂ ಇವೆ, ಹಾಗಾಗಿ ಆರ್‌ಬಿ ಮೇಲೆ ನನಗೆ ದ್ವೇಷ ಏನೂ ಇಲ್ಲ. 6×7 ಸೆಂ.ಮೀ. ನೆಗೆಟಿವ್ ಕೊಡುತ್ತೆ, ಹಿಂಭಾಗ ತಿರುಗಿಸಿದರೆ ಅಡ್ಡ ಫ್ರೇಮ್ ನೆಟ್ಟಗಾಗುತ್ತೆ, ಬ್ಯಾಟರಿ ಬೇಡ. ಆದರೆ 1970ರಲ್ಲಿ ಬಂದಾಗಿನಿಂದ ಅದು ಸ್ಟುಡಿಯೋದಲ್ಲಿ ಸ್ಟ್ಯಾಂಡ್ ಮೇಲೆ ಕೂರುವ ಕ್ಯಾಮೆರಾ. ಬಾಡಿ, 90 ಎಂಎಂ ಲೆನ್ಸು, ಫಿಲ್ಮ್ ಬ್ಯಾಕು ಸೇರಿದರೆ ಎರಡೂವರೆ ಕೆಜಿ ದಾಟುತ್ತೆ. ಒಂದು ಸಲ ಮೇಲುಕೋಟೆಗೆ ಹೊತ್ತುಕೊಂಡು ಹೋಗಿ ಬೆಟ್ಟದ ಮೆಟ್ಟಿಲು ಹತ್ತಿದೆ. ಮೇಲೆ ತಲುಪುವಷ್ಟರಲ್ಲಿ ಪಟ್ಟಿ ಕತ್ತಿನ ಮೇಲೆ ಕೆಂಪು ಗೆರೆ ಎಳೆದಿತ್ತು. ಅವತ್ತು ತೆಗೆದದ್ದು ನಾಲ್ಕೇ ಫೋಟೋ.

ಯಾಶಿಕಾದಲ್ಲಿ ಒಂದರ ಮೇಲೊಂದು ಎರಡು ಲೆನ್ಸು, ಮೇಲಿನದು ನೋಡೋದಕ್ಕೆ, ಕೆಳಗಿನದು ಫೋಟೋಗೆ. ತೂಕ ಒಂದು ಕೆಜಿ ಆಸುಪಾಸು. ಸೊಂಟದ ಹತ್ತಿರ ಹಿಡಿದು ತಲೆ ಬಗ್ಗಿಸಿ ನೋಡ್ತೀರಿ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಗೆ ನೀವು ಫೋಟೋ ತೆಗೀತಿದ್ದೀರಿ ಅಂತ ಅನ್ನಿಸೋದೇ ಇಲ್ಲ, "ಏನಪ್ಪಾ ಅದು ಡಬ್ಬಿ?" ಅಂತ ಕೇಳ್ತಾರೆ. ಶಟರ್ ಸದ್ದು ಬರೀ ಟಿಕ್. ಎಡ ಬಲ ಅದಲುಬದಲಾಗಿ ಕಾಣೋದಕ್ಕೆ ಎರಡು ರೋಲ್‌ನಲ್ಲಿ ಕೈ ಹೊಂದಿಕೊಳ್ಳುತ್ತೆ. 6×6ರ ನೆಗೆಟಿವ್ ಕೂಡ ಚಿಕ್ಕದೇನಲ್ಲ, 35 ಎಂಎಂ ಫ್ರೇಮಿನ ಮೂರೂವರೆ ಪಟ್ಟು ಇದೆ.

ಇನ್ನು ಆ 'ಜಿ' ಅಕ್ಷರಕ್ಕೆ ಜಾಸ್ತಿ ದುಡ್ಡು ಸುರೀಬೇಡಿ. ಅದು ಬೆಳಕು ಅಳೆಯುವ ಒಳಗಿನ ಮೀಟರ್‌ನ ಚಿನ್ನದ ಲೇಪದ ಕಾಂಟ್ಯಾಕ್ಟ್‌ಗಳ ಗುರುತು, ಅಷ್ಟೇ. ಆ ಮೀಟರ್ ಓಡೋದು 1.35 ವೋಲ್ಟಿನ ಪಾದರಸದ ಸೆಲ್‌ನಲ್ಲಿ, ಅದು ಈಗ ಬರೋದೇ ಇಲ್ಲ, ಮಾಮೂಲಿ 1.5 ವೋಲ್ಟಿನದು ಹಾಕಿದರೆ ಲೆಕ್ಕ ತಪ್ಪುತ್ತೆ. ಫೋನ್‌ನಲ್ಲಿ ಮೀಟರ್ ಆ್ಯಪ್ ಹಾಕಿಕೊಂಡರೆ ಸಾಕು. ಬರೀ 124 ಸಿಕ್ಕರೂ ಅದೇ 80 ಎಂಎಂ ಯಾಶಿನಾನ್ ಲೆನ್ಸು. ಹಳೇ ಸ್ಟುಡಿಯೋದವರ ಹತ್ತಿರ ಯಾಶಿಕಾ 635 ಸಿಕ್ಕರೂ ಬಿಡಬೇಡಿ. ಅದರ ಲೆನ್ಸಲ್ಲಿ ಮೂರೇ ಗಾಜು, ಬೆಳಕಿನ ಕಿಂಡಿ ಪೂರ್ತಿ (ಎಫ್ 3.5) ತೆರೆದರೆ ಅಂಚು ಮೆತ್ತಗಾಗುತ್ತೆ, ಕಿರಿದು ಮಾಡಿ ಎಫ್ 8 ದಾಟಿದರೆ ಚೆನ್ನಾಗೇ ಬರುತ್ತೆ.

ಮಾಡೆಲ್ ಬಗ್ಗೆ ಇಷ್ಟು ಸಾಕು. ಅದಕ್ಕಿಂತ ದೊಡ್ಡ ಪ್ರಶ್ನೆ, ಕ್ಯಾಮೆರಾ ಇಷ್ಟು ವರ್ಷ ಎಲ್ಲಿ ಕೂತಿತ್ತು ಅನ್ನೋದು.

ನನ್ನ ಮೊದಲನೇ ಯಾಶಿಕಾ ಕರಾವಳಿಯಲ್ಲಿ ಬಾಗಿಲು ಹಾಕಿದ ಒಂದು ಸ್ಟುಡಿಯೋದ್ದು. ಹೊರಗೆ ಫಳಫಳ. ಚರ್ಮದ ಕವರ್ ಸಮೇತ ಕೊಟ್ಟರು, ನಾನೂ ಹಿಗ್ಗಿದೆ. ಆ ಕವರೇ ಎಡವಟ್ಟು ಅಂತ ಆಮೇಲೆ ಗೊತ್ತಾಯ್ತು, ಮಳೆಗಾಲದ ತೇವ ಎಲ್ಲ ಹೀರಿಕೊಂಡು ವರ್ಷಗಟ್ಟಲೆ ಲೆನ್ಸಿಗೆ ಉಣಿಸಿದೆ. ಅಂಗಡಿಯ ಟ್ಯೂಬ್‌ಲೈಟಲ್ಲಿ ನೋಡಿದಾಗ ಗಾಜು ತಿಳಿಯಾಗೇ ಇತ್ತು. ಮನೆಗೆ ಬಂದು ಹಿಂದಿನಿಂದ ಟಾರ್ಚ್ ಬಿಟ್ಟರೆ ಒಳಗಡೆ ಜೇಡರ ಬಲೆ ಹಾಗೆ ಫಂಗಸ್. ಬಿಸಿಲಿಗೆ ಎದುರಾಗಿ ತೆಗೆದ ಫೋಟೋ ಎಲ್ಲಾ ಹಾಲು ಕಲಸಿದ ಹಾಗೆ ಬಂದವು. ಬಿಚ್ಚಿ ತೊಳೆಸಿದೆ, ಆದರೆ ಫಂಗಸ್ ಗಾಜಿನ ಲೇಪವನ್ನೇ ತಿಂದಿತ್ತು, ಕಲೆ ಹೋಗಲೇ ಇಲ್ಲ. "ಸ್ವಲ್ಪ ಫಂಗಸ್, ಫೋಟೋಗೆ ಏನೂ ಆಗಲ್ಲ" ಅಂತ ಬರೆದ ಜಾಹೀರಾತು ಕಂಡರೆ ಈಗ ಮುಂದಿನದಕ್ಕೆ ಹೋಗ್ತೀನಿ.

ನೋಡಲು ಹೋಗುವಾಗ ಜೇಬಲ್ಲಿ ಟಾರ್ಚು, ಕೇಬಲ್ ರಿಲೀಸು (ಶಟರ್ ಒತ್ತುವ ತಂತಿ), ಮಂಜು ಮಂಜಾಗಿ ಕಾಣುವ ಆ ಮ್ಯಾಟ್ ಟೇಪು, ಒಂದು ಭೂತಗನ್ನಡಿ, ಮತ್ತೆ ಫಿಲ್ಮ್ ತೊಳೆದಾದ ಮೇಲೆ ಉಳಿಯುವ 120 ರೋಲಿನ ಕಾಗದ ಒಂದು, ಸ್ಪೂಲ್ ಸಮೇತ, ಇಟ್ಟುಕೊಳ್ಳಿ. ಮಾರುವವರು ವಿಚಿತ್ರವಾಗಿ ನೋಡ್ತಾರೆ, ನೋಡಲಿ.

ಹಿಂಬಾಗಿಲು ತೆಗೆದು, ಶಟರ್ 'ಬಿ'ಗೆ (ಒತ್ತಿ ಹಿಡಿದಷ್ಟು ಹೊತ್ತೂ ತೆರೆದೇ ಇರುತ್ತೆ) ಇಟ್ಟು, ಎಫ್ 3.5ಕ್ಕೆ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ಚುಕ್ಕೆ ಇದ್ದೇ ಇರುತ್ತೆ, ತಲೆ ಕೆಡಿಸ್ಕೋಬೇಡಿ. ಬಲೆ ಕಂಡರೆ ಅಥವಾ ಮುಸುಕು ಕವಿದ ಹಾಗಿದ್ದರೆ ಬೇಡ.

ಆಮೇಲೆ ಒಂದು ಸೆಕೆಂಡಿಗೆ ಇಟ್ಟು ಕಿವಿ ಕೊಡಿ. ಒಂದೇ ಸಮನೆ ಜ್ಜ್ಜ್ ಅಂತ ಓಡಿ ಮುಚ್ಚಬೇಕು. ಮಧ್ಯೆ ತೊದಲಿದರೆ, ಎರಡು ಸೆಕೆಂಡ್ ಎಳೆದರೆ, ಒಳಗೆ ಎಣ್ಣೆ ಅಂಟಾಗಿದೆ ಅಂತ ಲೆಕ್ಕ. ಇದು ಕ್ಯಾಮೆರಾ ಬಿಡುವ ಕಾರಣ ಅಲ್ಲ, ಚೌಕಾಸಿ ಮಾಡುವ ಕಾರಣ. ಬಿಸಿಲಲ್ಲಿ ನೀವು 1/125, 1/250ರಲ್ಲೇ ಇರ್ತೀರಿ, ನಿಧಾನದ ವೇಗಗಳನ್ನು ಆಮೇಲೆ ಸರ್ವೀಸ್ ಮಾಡಿಸಬಹುದು. ಸೆಲ್ಫ್ ಟೈಮರ್ ಮಾತ್ರ ಮುಟ್ಟಬೇಡಿ, ಹಳೇ ಸ್ಪ್ರಿಂಗು, ಅರ್ಧದಲ್ಲಿ ನಿಂತರೆ ಶಟರೇ ಸಿಕ್ಕಿಹಾಕಿಕೊಳ್ಳುತ್ತೆ.

ಈಗ ಟೇಪ್ ಕೆಲಸ. ಯಾರೂ ಮಾಡದ ಪರೀಕ್ಷೆ ಇದು. ಫಿಲ್ಮ್ ಕೂರುವ ಜಾಗದ ಹಳಿಗಳ ಮೇಲೆ ಟೇಪನ್ನು ಬಿಗಿಯಾಗಿ ಅಂಟಿಸಿ, ಕೇಬಲ್‌ನಿಂದ ಶಟರ್ ತೆರೆದಿಡಿ. ಎದುರಿನ ಅಂಗಡಿಯ ಬೋರ್ಡಿನ ಅಕ್ಷರ ಮೇಲಿನ ಗಾಜಿನಲ್ಲಿ ಚೂಪಾಗುವ ಹಾಗೆ ಫೋಕಸ್ ಮಾಡಿ, ಈಗ ಭೂತಗನ್ನಡಿ ಹಿಡಿದು ಟೇಪ್ ಮೇಲೆ ನೋಡಿ. ಅಲ್ಲೂ ಅಷ್ಟೇ ಚೂಪಾಗಿರಬೇಕು. ಹಿಂದೆ ಯಾರೋ ಲೆನ್ಸ್ ಬಿಚ್ಚಿ ವಾಪಸ್ ಸರಿಯಾಗಿ ಕೂರಿಸದೆ ಇದ್ದರೆ ನೀವು ನೋಡೋದು ಒಂದು, ಫಿಲ್ಮಿಗೆ ಬೀಳೋದು ಇನ್ನೊಂದು. ಕೊನೆಗೆ ಆ ಕಾಗದದ ರೋಲ್ ಹಾಕಿ ಕ್ರ್ಯಾಂಕ್ ತಿರುಗಿಸಿ. 12 ಸಲವೂ ತಾನಾಗಿ ನಿಲ್ಲಬೇಕು, ಕೈಗೆ ಮರಳು ಸಿಕ್ಕ ಹಾಗೆ ಕರಕರ ಅನ್ನಬಾರದು.

ಇಷ್ಟೆಲ್ಲಾ ಹೇಳಿದ ಮೇಲೂ ಆರ್‌ಬಿನೇ ಬೇಕು ಅಂದ್ರೆ, ಕತ್ತಲೆ ಕೋಣೆಯಲ್ಲಿ ಬೆಲ್ಲೋಸ್ (ಲೆನ್ಸಿನ ಹಿಂದಿನ ಮಡಿಕೆ ಮಡಿಕೆ ಚೀಲ) ಒಳಗೆ ಟಾರ್ಚ್ ಹಿಡಿದು ತೂತು ನೋಡಿ, ಫಿಲ್ಮ್ ಬ್ಯಾಕಿನ ಸ್ಪಂಜು ಕಪ್ಪು ಅಂಟಾಗಿದೆಯಾ ನೋಡಿ. ಸ್ಪಂಜು ಬದಲಾಯಿಸೋದು ಸುಲಭ, ಬೆಲ್ಲೋಸ್ ಸುಲಭ ಅಲ್ಲ. ಇದೇ ಜಾತಿಯ ಇನ್ನೊಂದು ಕ್ಯಾಮೆರಾ ಬ್ರೋನಿಕಾ ಇಟಿಆರ್‌ಎಸ್ ಅಗ್ಗಕ್ಕೆ ಸಿಕ್ಕರೆ ನೆನಪಿರಲಿ, ಬ್ಯಾಟರಿ ಸತ್ತರೆ ಅದರಲ್ಲಿ 1/500 ಒಂದೇ ವೇಗ ಉಳಿಯೋದು.

ದುಡ್ಡಿನ ವಿಷಯ. ಎರಡನೇ ಯಾಶಿಕಾಗೆ ನಾನು ಕೊಟ್ಟದ್ದು 16 ಸಾವಿರ, ಸರ್ವೀಸಿಗೆ ಮತ್ತೆ 3 ಸಾವಿರ. ನೀವು 40ನ್ನೂ ಕ್ಯಾಮೆರಾಗೇ ಹಾಕಬೇಡಿ. ಒಂದು ರೋಲಿಗೆ 12 ಫೋಟೋ ಅಷ್ಟೇ, ಫಿಲ್ಮು ತೊಳೆಸೋದು ಸ್ಕ್ಯಾನು ಅಂತ ಖರ್ಚು ಆಮೇಲೆ ಶುರುವಾಗುತ್ತೆ. ಜಪಾನ್‌ನಿಂದ ತರಿಸುವ ಯೋಚನೆ ಇದ್ದರೆ ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ, ಮನೆ ಬಾಗಿಲಿಗೆ ಬಂದಾಗ ಬೆಲೆ ಬೇರೆಯೇ ಇರುತ್ತೆ.

ಹಳೇ ಸ್ಟುಡಿಯೋದವರು ಕ್ಯಾಮೆರಾ ಜೊತೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ಹಳೇ 'ಇಂದು' ಫಿಲ್ಮ್ ರೋಲು ಪುಕ್ಕಟೆ ಕೊಡೋದುಂಟು. ನೆನಪಿಗೆ ಇಟ್ಟುಕೊಳ್ಳಿ, ಮೊದಲ ಪರೀಕ್ಷೆಗೆ ಹಾಕಬೇಡಿ, ಫೋಟೋ ಮಸುಕಾದರೆ ತಪ್ಪು ಯಾರದು ಅಂತ ಗೊತ್ತಾಗಲ್ಲ. ಹೊಸ ಕಪ್ಪು-ಬಿಳುಪು ಫಿಲ್ಮ್ ಇಲ್ಫರ್ಡ್ ಎಚ್‌ಪಿ5 ಹಾಕಿ, ಅರ್ಧ ರೋಲ್ ಎಫ್ 3.5ರಲ್ಲಿ ಹತ್ತಿರದ್ದು, ಇನ್ನರ್ಧ ಎಫ್ 11ರಲ್ಲಿ ದೂರದ್ದು, ಒಂದೆರಡು ಬಿಸಿಲಿಗೆ ಎದುರಾಗಿ. ತೊಳೆಸಿದ ಮೇಲೆ ನೆಗೆಟಿವ್ ಪಟ್ಟಿ ಕತ್ತರಿಸದೆ ಪೂರ್ತಿ ಒಂದು ಫೋಟೋ ಇಲ್ಲಿ ಹಾಕಿ, ಫ್ರೇಮ್‌ಗಳ ನಡುವಿನ ಜಾಗ ಸಮ ಇದೆಯಾ ನೋಡಿ ಹೇಳ್ತೀನಿ.